ಶನಿವಾರ ರಾತ್ರಿಯ ವಿಧಿ: ಆಲ್ಬರ್ಟ್ ಮರ್ರಿ ಕಂಡ ಬ್ಲೂಸ್, ಜಾಝ್ ಮತ್ತು ಅಮೆರಿಕ

ಬ್ಲೂಸ್ ಎಂದರೆ ದುಃಖದ ಹಾಡು ಎಂಬ ನಂಬಿಕೆ ಅಮೆರಿಕದಲ್ಲಿ ಬಹಳ ಹಳೆಯದು. ಅದು ತಪ್ಪೆಂದು ಒಂದು ಪುಸ್ತಕವನ್ನೇ ಬರೆದು ವಾದಿಸಿದವರು ವಿಮರ್ಶಕ, ಕಾದಂಬರಿಕಾರ ಆಲ್ಬರ್ಟ್ ಮರ್ರಿ (1916–2013). ವಾರವಿಡೀ ಹತ್ತಿಯ ಹೊಲದಲ್ಲೋ ಮರ ಕೊಯ್ಯುವ ಕಾರ್ಖಾನೆಯಲ್ಲೋ ಬಿಳಿಯರ ಅಡುಗೆಮನೆಯಲ್ಲೋ ದುಡಿದ ಕಪ್ಪು ಜನ ಶನಿವಾರ ರಾತ್ರಿ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಕೂದಲು ಓರಣ ಮಾಡಿಕೊಂಡು, ಸೆಂಟು ಹಾಕಿಕೊಂಡು ಡ್ಯಾನ್ಸ್ ಹಾಲಿಗೆ ಹೋಗುತ್ತಿದ್ದರು. ಅಳುವುದಕ್ಕೆ ಹೋಗುವವರು ಹಾಗೆ ಸಿಂಗರಿಸಿಕೊಳ್ಳುವುದಿಲ್ಲ. ಮರ್ರಿಯವರ ವಾದ ಹೊರಡುವುದು ಇಷ್ಟು ಸಾದಾ ಸಂಗತಿಯಿಂದ. ಅದು ಹೋಗಿ ಮುಟ್ಟುವುದು ಮಾತ್ರ ದೊಡ್ಡ ಪ್ರಶ್ನೆಗಳನ್ನು: ಸಂಕಟಕ್ಕೆ ಮನುಷ್ಯ ಏನು ಉತ್ತರ ಕೊಡಬಹುದು, ಆ ಉತ್ತರ ಧರ್ಮಕ್ಕೆ ಸೇರಿದ್ದೋ ಕಲೆಗೆ ಸೇರಿದ್ದೋ, ಅಂಥ ಉತ್ತರವನ್ನು ರೂಪಿಸಿಕೊಂಡ ಜನರ ಗುರುತು ಇರುವುದು ಅವರ ಮೈಬಣ್ಣದಲ್ಲೋ ಅವರು ನಡೆಸುವ ವಿಧಿಯಲ್ಲೋ.

ಕಪ್ಪು ಜನರ ಹಾಡನ್ನು ತಪ್ಪಾಗಿ ಕೇಳಿಸಿಕೊಂಡವರ ಪರಂಪರೆಯೇ ಒಂದಿದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ತಮ್ಮ ಆತ್ಮಕಥೆ ಬರೆದಾಗ ಉತ್ತರದ ರಾಜ್ಯಗಳ ಬಿಳಿಯರಲ್ಲಿ ಒಂದು ವಿಚಿತ್ರ ತಿಳಿವಳಿಕೆ ಇರುವುದನ್ನು ಕಂಡು ದಂಗಾದರು. ಗುಲಾಮರು ಹಾಡುತ್ತಾರೆ, ಆದ್ದರಿಂದ ಸುಖವಾಗಿದ್ದಾರೆ ಎಂದು ಆ ಜನ ನಂಬಿದ್ದರು. ಡಗ್ಲಸ್ ಅದನ್ನು ತಿದ್ದಿದರು: ಎದೆಯ ಭಾರ ಹೆಚ್ಚಾದಷ್ಟೂ ಗುಲಾಮ ಹೆಚ್ಚು ಹಾಡುತ್ತಾನೆ. 1903ರಲ್ಲಿ ಡಬ್ಲ್ಯೂ. ಇ. ಬಿ. ಡುಬಾಯ್ಸ್ ತಮ್ಮ ಪ್ರಸಿದ್ಧ ಪುಸ್ತಕದ ಕೊನೆಯ ಅಧ್ಯಾಯವನ್ನು ಶೋಕಗೀತೆಗಳಿಗೆ ಮೀಸಲಿಟ್ಟರು. ತಿದ್ದುಪಡಿ ಅಗತ್ಯವಾಗಿತ್ತು, ನಿಜ. ಆದರೆ ಇಪ್ಪತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಅದು ಇನ್ನೊಂದು ತುದಿಗೆ ಹೋಗಿತ್ತು. ಕಪ್ಪು ಗಂಟಲಿನಿಂದ ಹೊರಟದ್ದೆಲ್ಲ ನೋವಿನ ದಾಖಲೆ ಎನ್ನುವಂತಾಗಿ, ಸಮಾಜಶಾಸ್ತ್ರಜ್ಞರೂ ಸಹಾನುಭೂತಿಯುಳ್ಳ ಬಿಳಿಯ ಕೇಳುಗರೂ ಆ ಸಂಗೀತದಲ್ಲಿ ಗಾಯವನ್ನಷ್ಟೇ ಹುಡುಕತೊಡಗಿದ್ದರು. ಮರ್ರಿ ಸಿಟ್ಟಾದದ್ದು ಈ ಎರಡನೆಯ ಕಿವುಡಿನ ಮೇಲೆ.

ಅವರು ಹುಟ್ಟಿದ್ದು ಅಲಬಾಮಾ ರಾಜ್ಯದ ನೊಕೋಮಿಸ್ ಎಂಬ ಹಳ್ಳಿಯಲ್ಲಿ. ಹಸುಗೂಸಾಗಿದ್ದಾಗಲೇ ಹ್ಯೂ ಮತ್ತು ಮ್ಯಾಟಿ ಮರ್ರಿ ದಂಪತಿ ಅವರನ್ನು ಸಾಕಲು ಪಡೆದು, ಮೊಬೀಲ್ ನಗರದ ಅಂಚಿನ ಮ್ಯಾಗಜೀನ್ ಪಾಯಿಂಟ್‌ನಲ್ಲಿ ಬೆಳೆಸಿದರು. ರೈಲುಹಳಿ, ನದಿ, ಮರದ ಕಾರ್ಖಾನೆ, ಗಿಟಾರು ಹೊತ್ತು ಅಲೆಯುವ ಗಾಯಕರು ಅವರ ಬಾಲ್ಯದ ನೆರೆಹೊರೆ. 1974ರ ಕಾದಂಬರಿ 'ಟ್ರೇನ್ ವಿಸಲ್ ಗಿಟಾರ್' ಈ ಪರಿಸರದಿಂದಲೇ ಎದ್ದು ಬಂದದ್ದು. ಟಸ್ಕೀಗೀ ಸಂಸ್ಥೆಯಲ್ಲಿ 1939ರಲ್ಲಿ ಪದವಿ ಪಡೆದರು. ಮುಂದೆ 'ಇನ್‌ವಿಸಿಬಲ್ ಮ್ಯಾನ್' ಬರೆದ ರಾಲ್ಫ್ ಎಲಿಸನ್ ಅದೇ ಕಾಲೇಜಿನಲ್ಲಿ ಕೆಲವು ವರ್ಷ ಹಿರಿಯರಾಗಿದ್ದರು. ಅವರೊಂದಿಗಿನ ಸ್ನೇಹ ಗಟ್ಟಿಯಾದದ್ದು ಆಮೇಲೆ, ಪತ್ರಗಳಲ್ಲಿ. ಟಸ್ಕೀಗೀಯಲ್ಲೇ ಸಾಹಿತ್ಯ ಪಾಠ ಮಾಡಿ, ವಾಯುಪಡೆಗೆ ಸೇರಿ, 1962ರಲ್ಲಿ ಮೇಜರ್ ಹುದ್ದೆಯಿಂದ ನಿವೃತ್ತರಾಗಿ ಮರ್ರಿ ನ್ಯೂಯಾರ್ಕಿನ ಹಾರ್ಲೆಮ್‌ಗೆ ಬಂದು ನೆಲೆಸಿದರು. ಮೊದಲ ಪುಸ್ತಕ ಬಂದಾಗ ವಯಸ್ಸು ಐವತ್ತು ದಾಟಿತ್ತು. ಅವರ ಫ್ಲ್ಯಾಟಿನ ಬಾಲ್ಕನಿಯಿಂದ ಕಾಣುತ್ತಿದ್ದ ಲೆನಾಕ್ಸ್ ಅವೆನ್ಯೂವನ್ನು ಚಿತ್ರಕಾರ ಗೆಳೆಯ ರೋಮೇರ್ ಬಿಯರ್ಡನ್ 1971ರಲ್ಲಿ 'ದ ಬ್ಲಾಕ್' ಎಂಬ ಆರು ಫಲಕಗಳ ಕೊಲಾಜ್ ಆಗಿಸಿದರು: ಇಗರ್ಜಿ, ಕ್ಷೌರದಂಗಡಿ, ದಿನಸಿ ಅಂಗಡಿ, ಗೋಡೆ ಕತ್ತರಿಸಿ ತೋರಿಸಿದ ಕೋಣೆಗಳ ಒಳಗೆ ಬದುಕುತ್ತಿರುವ ಜನ. ಹೊರಗಿನವರು 'ಘೆಟ್ಟೊ' ಎನ್ನುತ್ತಿದ್ದ ಬೀದಿ ಅದು. ಮರ್ರಿ ಆ ಪದವನ್ನು ಸಹಿಸುತ್ತಿರಲಿಲ್ಲ.

'ಸ್ಟಾಂಪಿಂಗ್ ದ ಬ್ಲೂಸ್' ಪ್ರಕಟವಾದದ್ದು 1976ರಲ್ಲಿ. ಅದರ ಬುಡದಲ್ಲಿರುವುದು ಒಂದು ವಿಂಗಡಣೆ. ಬ್ಲೂಸ್ ಎಂಬ ಮನಸ್ಥಿತಿ ಬೇರೆ, ಬ್ಲೂಸ್ ಎಂಬ ಸಂಗೀತ ಬೇರೆ. ಮನಸ್ಥಿತಿ ಒಂದು ಪಿಡುಗು. ಇಂಗ್ಲಿಷಿನ ಹಳೆಯ ಮಾತಿನಲ್ಲಿ ಅದನ್ನು ನೀಲಿ ದೆವ್ವಗಳು ಎನ್ನುತ್ತಿದ್ದರು. ಅದು ಹೇಳದೆ ಕೇಳದೆ ಬಂದು ಎದೆಯ ಮೇಲೆ ಕೂರುತ್ತದೆ, ಕೈಕಾಲಿನ ಕಸುವು ಹೀರುತ್ತದೆ, ಬದುಕೇ ಬೇಡವೆನಿಸುತ್ತದೆ. ಸಂಗೀತ ಆ ದೆವ್ವವನ್ನು ಬಿಡಿಸುವ ಉಪಾಯ. ತಮಟೆ ಬಡಿದು ಮಾರಿಯನ್ನು ಊರ ಗಡಿ ದಾಟಿಸುವುದನ್ನು ಬಲ್ಲ ಕನ್ನಡ ಓದುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಡಿತದಲ್ಲಿ ರೋಗದ ವರ್ಣನೆ ಇರುವುದಿಲ್ಲ, ರೋಗಕ್ಕೆ ಬೆದರಿಕೆ ಇರುತ್ತದೆ. ಮಾತು ಎಷ್ಟೇ ಸಂಕಟದ್ದಾಗಿದ್ದರೂ ವಾದ್ಯ ಅದರ ಮೇಲೇರಿ ಕುಣಿಸುತ್ತದೆಂದು ಮರ್ರಿ ಮತ್ತೆ ಮತ್ತೆ ತೋರಿಸುತ್ತಾರೆ. ಗಾಯಕಿ ತನ್ನನ್ನು ಗಂಡ ಬಿಟ್ಟುಹೋದ ಕಥೆ ಹೇಳುತ್ತಿರುವಾಗ ಕೇಳುಗರು ಕಣ್ಣೊರೆಸಿಕೊಳ್ಳುವುದಿಲ್ಲ, ಸೊಂಟ ಆಡಿಸುತ್ತಾರೆ.

ಈ ವಿಧಿಗೆ ಎರಡು ಮುಖ. ಒಂದು ಶುದ್ಧೀಕರಣ, ಕವಿದದ್ದನ್ನು ಕಳೆಯುವುದು. ಇನ್ನೊಂದು ಫಲವಂತಿಕೆಯ ಆಚರಣೆ, ಗಂಡುಹೆಣ್ಣು ಪರಸ್ಪರ ಒಲಿಸಿಕೊಳ್ಳುವ ಹಬ್ಬ. ಈ ಪುರೋಹಿತಿಕೆಯನ್ನು ನಡೆಸುವುದು ವಾದ್ಯಗೋಷ್ಠಿ. ಡ್ಯಾನ್ಸ್ ಹಾಲನ್ನು ಮರ್ರಿ ಗುಡಿ ಎಂದೇ ಕರೆಯುತ್ತಾರೆ, ಮತ್ತು ಅವರಿಗೆ ಅದು ಅಲಂಕಾರದ ಮಾತಲ್ಲ. ಅಂಥ ಗುಡಿಗಳಲ್ಲಿ ಹಿರಿದು 1926ರಲ್ಲಿ ಹಾರ್ಲೆಮ್‌ನ ಲೆನಾಕ್ಸ್ ಅವೆನ್ಯೂ ಮೇಲೆ ತೆರೆದು 1958ರಲ್ಲಿ ಮುಚ್ಚಿದ ಸವಾಯ್ ಬಾಲ್‌ರೂಮ್. ಅಲ್ಲಿ ಎರಡು ವೇದಿಕೆಗಳಿದ್ದವು. ಒಂದು ತಂಡ ನಿಲ್ಲಿಸುವಷ್ಟರಲ್ಲಿ ಇನ್ನೊಂದು ಎತ್ತಿಕೊಳ್ಳುತ್ತಿತ್ತು, ಕುಣಿತಕ್ಕೆ ಬಿಡುವೇ ಇರಲಿಲ್ಲ. ಬಾಗಿಲಲ್ಲಿ ಬಣ್ಣ ನೋಡಿ ತಡೆಯುತ್ತಿರಲಿಲ್ಲ, ಅದು ಆ ಕಾಲಕ್ಕೆ ಸಣ್ಣ ಮಾತಲ್ಲ.

ವಿಧಿಯ ಒಳಗಣ ಕೆಲಸವನ್ನು ಹತ್ತಿರದಿಂದ ನೋಡಬೇಕಾದರೆ 'ಬ್ರೇಕ್' ಎಂಬುದನ್ನು ಗಮನಿಸಬೇಕು. ಬ್ಲೂಸ್‌ನ ಸಾಮಾನ್ಯ ಚೌಕಟ್ಟು ಹನ್ನೆರಡು ಬಾರುಗಳದ್ದು, ಅಂದರೆ ಹನ್ನೆರಡು ತಾಳಾವರ್ತಗಳದ್ದು: ನಾಲ್ಕು ನಾಲ್ಕರ ಮೂರು ಸಾಲು. ಮೊದಲ ಸಾಲನ್ನು ಎರಡನೆಯದರಲ್ಲಿ ಪುನರಾವರ್ತಿಸಿ ಮೂರನೆಯದರಲ್ಲಿ ಉತ್ತರ ಕೊಡುವುದು ವಾಡಿಕೆ. ಪ್ರತಿ ಸಾಲಿನಲ್ಲೂ ದನಿ ಅರ್ಧದಷ್ಟು ಜಾಗ ತುಂಬಿ ನಿಲ್ಲುತ್ತದೆ, ಉಳಿದರ್ಧವನ್ನು ವಾದ್ಯ ತುಂಬುತ್ತದೆ. ಈ ನಡೆ ಕಿವಿಗೆ ಹೊಂದಿಕೊಂಡ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಇಡೀ ತಂಡ ನುಡಿಸುವುದನ್ನು ನಿಲ್ಲಿಸುತ್ತದೆ. ಕಾಲ ಮಾತ್ರ ಓಡುತ್ತಿರುತ್ತದೆ, ಕೆಳಗೆ ನೆಲವಿಲ್ಲ. ಒಬ್ಬನೇ ವಾದಕ ಎರಡೋ ನಾಲ್ಕೋ ಬಾರುಗಳ ಆ ಬಯಲನ್ನು ತನ್ನ ಕಲ್ಪನೆಯಿಂದ ದಾಟಿ, ತಂಡ ಮತ್ತೆ ಸೇರಿಕೊಳ್ಳುವ ಕ್ಷಣಕ್ಕೆ ಸರಿಯಾಗಿ ದಡ ಮುಟ್ಟಬೇಕು. ಲೂಯಿ ಆರ್ಮ್‌ಸ್ಟ್ರಾಂಗ್ 1927ರಲ್ಲಿ ಧ್ವನಿಮುದ್ರಿಸಿದ 'ಪೊಟೆಟೊ ಹೆಡ್ ಬ್ಲೂಸ್'ನಲ್ಲಿ ಈ ಉಪಾಯದ ಹಿಗ್ಗಿಸಿದ ರೂಪವಿದೆ. ತಂಡ ಆಗೊಮ್ಮೆ ಈಗೊಮ್ಮೆ ಒಂದೇ ಪೆಟ್ಟು ಹಾಕಿ ಸುಮ್ಮನಾಗುತ್ತದೆ, ನಡುವಿನ ಖಾಲಿಯಲ್ಲೆಲ್ಲ ಆರ್ಮ್‌ಸ್ಟ್ರಾಂಗ್ ಎಡವದೆ ನಡೆಯುತ್ತಾರೆ. ಮರ್ರಿಯವರ ಪ್ರಕಾರ ಬ್ರೇಕ್ ಒಂದು ನೀತಿಪಾಠವೇ ಹೌದು. ಆಧಾರ ತಪ್ಪಿದ ಕ್ಷಣದಲ್ಲಿ ಏನು ಮಾಡಬೇಕೆಂಬುದರ ಅಭ್ಯಾಸ ಅದು, ಮತ್ತು ಅಂಥ ಕ್ಷಣಗಳು ಗುಲಾಮರ ಮೊಮ್ಮಕ್ಕಳ ಬದುಕಿನಲ್ಲಿ ತಾಳ ತಪ್ಪದೆ ಬರುತ್ತಿದ್ದವು. ಹಿಂದಿನ ದಿನವೇ ಯೋಚಿಸಿಟ್ಟ ಉತ್ತರ ಅಲ್ಲಿ ನಡೆಯದು. ಏನೂ ಕಲಿಯದವನ ಹುಮ್ಮಸ್ಸೂ ನಡೆಯದು. ಸಾವಿರ ಸಲ ಅಭ್ಯಾಸ ಮಾಡಿದವನಿಗೆ ಮಾತ್ರ ಆ ಕ್ಷಣದಲ್ಲಿ ಹೊಸದು ಹೊಳೆಯುತ್ತದೆ.

ಇದು ಧರ್ಮವೇ? ಕಪ್ಪು ಇಗರ್ಜಿಗಳ ಹಿರಿಯರನ್ನು ಕೇಳಿದ್ದರೆ ಸೈತಾನನ ಸಂಗೀತ ಎನ್ನುತ್ತಿದ್ದರು. ಶನಿವಾರ ರಾತ್ರಿ ಕುಣಿದವರೇ ಭಾನುವಾರ ಬೆಳಗ್ಗೆ ಬೆಂಚಿನ ಮೇಲೆ ಕೂತಿರುತ್ತಿದ್ದರೆಂಬುದು ಅವರಿಗೂ ಗೊತ್ತಿತ್ತು. ಎರಡೂ ಕಡೆಯ ಸ್ವರಗಳು, ಕರೆ ಕೊಟ್ಟು ಓಗೊಡಿಸುವ ಕ್ರಮ, ಗುಂಪನ್ನು ಹಂತಹಂತವಾಗಿ ಆವೇಶಕ್ಕೆ ಏರಿಸುವ ಜಾಣ್ಮೆ ಒಂದೇ ಮನೆಯವು. ಥಾಮಸ್ ಡಾರ್ಸಿಯ ಬದುಕೇ ಇದಕ್ಕೆ ಸಾಕ್ಷಿ. ಬ್ಯಾಪ್ಟಿಸ್ಟ್ ಪಾದ್ರಿಯ ಮಗನಾದ ಅವರು 'ಜಾರ್ಜಿಯಾ ಟಾಮ್' ಎಂಬ ಹೆಸರಿನಲ್ಲಿ ಪೋಲಿ ಬ್ಲೂಸ್ ಹಾಡುಗಳನ್ನು ಧ್ವನಿಮುದ್ರಿಸಿ ಹೆಸರು ಮಾಡಿದ್ದರು. 1932ರಲ್ಲಿ ಹೆಂಡತಿಯೂ ಆಗತಾನೇ ಹುಟ್ಟಿದ ಮಗುವೂ ತೀರಿಕೊಂಡ ಮೇಲೆ 'ಪ್ರೆಶಸ್ ಲಾರ್ಡ್' ರಚಿಸಿ, ಗಾಸ್ಪೆಲ್ ಸಂಗೀತದ ಪಿತಾಮಹ ಎನಿಸಿಕೊಂಡರು. ವಾದ್ಯ ಬದಲಾಗಲಿಲ್ಲ, ಬೆರಳೂ ಬದಲಾಗಲಿಲ್ಲ, ಯಾರಿಗೆ ಹಾಡುತ್ತಿದ್ದಾರೆ ಎಂಬುದು ಬದಲಾಯಿತು.

ಮರ್ರಿ ಎರಡರ ಅಂತರವನ್ನು ಅಳಿಸುವುದಿಲ್ಲ, ಖಚಿತಗೊಳಿಸುತ್ತಾರೆ. ಭಾನುವಾರದ ಆರಾಧನೆಯಲ್ಲಿ ತಪ್ಪೊಪ್ಪಿಗೆಯಿದೆ, ಪ್ರಾರ್ಥನೆಯಿದೆ, ಕೊನೆಗೊಂದು ಬಿಡುಗಡೆಯ ಭರವಸೆಯಿದೆ. ನೋವಿಗೆ ಲೆಕ್ಕ ಕೊಡುವ ದೇವರಿದ್ದಾನೆ. ಶನಿವಾರದ ವಿಧಿಯಲ್ಲಿ ಇವು ಯಾವುವೂ ಇಲ್ಲ. ಬದುಕು ನೀಚವಾಗಿದೆ, ಅನ್ಯಾಯವಾಗಿದೆ, ನಾಳೆಯೂ ಹಾಗೆಯೇ ಇರುತ್ತದೆ ಎಂದು ಒಪ್ಪಿಕೊಂಡು, ಆದರೂ ಬದುಕಬಹುದು, ಸೊಗಸಾಗಿ ಬದುಕಬಹುದು ಎಂದು ಅದು ಮೈಯಿಂದ ಹೇಳುತ್ತದೆ. ಓಡಿಸಿದ ದೆವ್ವ ಮುಂದಿನ ವಾರದೊಳಗೆ ಮರಳುತ್ತದೆ, ಅದಕ್ಕೇ ವಿಧಿಯೂ ವಾರವಾರ ನಡೆಯಬೇಕು. ಮೋಕ್ಷವಿಲ್ಲದ ಆಚರಣೆ ಎಂದು ಇದನ್ನು ಕರೆಯಬಹುದು. ವಿಮರ್ಶಕ ಕೆನೆತ್ ಬರ್ಕ್ ಸಾಹಿತ್ಯವನ್ನು ಬಾಳುವೆಯ ಸಲಕರಣೆ ಎಂದು ನೋಡಿದ್ದರು. ಆ ವಿಚಾರವನ್ನು ಮರ್ರಿ ಡ್ಯಾನ್ಸ್ ಹಾಲಿಗೆ ತಂದರು. ಹಸಿ ಅನುಭವವನ್ನು ಶೈಲಿಯಾಗಿ ಪಳಗಿಸುವುದೇ ಕಲೆ, ಶೈಲಿ ದಕ್ಕಿದ ಮೇಲೆ ಅನುಭವ ಮನುಷ್ಯನನ್ನು ಆಳುವುದಿಲ್ಲ ಎಂಬುದು ಅವರ ಸೌಂದರ್ಯಮೀಮಾಂಸೆಯ ಒಟ್ಟು ಸಾರ.

ಇದೇ ಹೊತ್ತಿನಲ್ಲಿ, ಇದೇ ಸಂಗೀತದ ಬಗ್ಗೆ, ದೇವತಾಶಾಸ್ತ್ರದ ಕಡೆಯಿಂದ ಇನ್ನೊಂದು ಪುಸ್ತಕ ಬಂದಿತ್ತು. ನ್ಯೂಯಾರ್ಕಿನ ಯೂನಿಯನ್ ಥಿಯಲಾಜಿಕಲ್ ಸೆಮಿನರಿಯ ಜೇಮ್ಸ್ ಕೋನ್ (1938–2018) 1972ರಲ್ಲಿ 'ದ ಸ್ಪಿರಿಚುವಲ್ಸ್ ಅಂಡ್ ದ ಬ್ಲೂಸ್' ಪ್ರಕಟಿಸಿದರು. ಅರ್ಕನ್ಸಾ ರಾಜ್ಯದ ಪುಟ್ಟ ಊರೊಂದರಲ್ಲಿ ಬೆಳೆದ ಕೋನ್‌ಗೂ ಶನಿವಾರ ಮತ್ತು ಭಾನುವಾರ ಎರಡೂ ಗೊತ್ತಿದ್ದವು. ಬ್ಲೂಸ್ ಅವರಿಗೆ ಲೌಕಿಕ ಭಕ್ತಿಗೀತೆ. ದೇವರ ಹೆಸರೆತ್ತದಿದ್ದರೂ ಕಪ್ಪು ಮನುಷ್ಯನ ಅಸ್ತಿತ್ವಕ್ಕೆ ಬೆಲೆಯಿದೆಯೆಂದು ಸಾರುವ ಹಾಡು ದೇವರ ಕೆಲಸದಿಂದ ಹೊರಗಿಲ್ಲ ಎಂಬುದು ಅವರ ನಿಲುವು. ಆದರೆ ಕೋನ್ ಬ್ಲೂಸ್‌ಗೆ ಬೆನ್ನೆಲುಬಾಗಿ ಕಾಣುವುದು ಬಿಳಿಯರ ದಬ್ಬಾಳಿಕೆ ಎಂಬ ನಿರ್ದಿಷ್ಟ ಇತಿಹಾಸವನ್ನು. ಮರ್ರಿ ಕಾಣುವುದು ಮನುಷ್ಯರಿಗೆಲ್ಲ ಒದಗುವ ವಿಷಾದವನ್ನು, ಅದನ್ನು ಎದುರಿಸಲು ಒಂದು ಜನ ಕಂಡುಕೊಂಡ ಅಪೂರ್ವ ವಿದ್ಯೆಯನ್ನು. ಯಾರು ಯಾರನ್ನು ನೋಯಿಸಿದರು ಎಂಬ ಪ್ರಶ್ನೆ ಮರ್ರಿಯವರ ಪುಸ್ತಕದಲ್ಲಿ ಇಲ್ಲವೆಂದಲ್ಲ. ಅದು ಮೂಲೆಯಲ್ಲಿದೆ. ಕೋನ್‌ಗೆ ಅದೇ ಗರ್ಭಗುಡಿ.

ಅಡ್ಡಿ ದೊಡ್ಡದಾದಷ್ಟೂ ನಾಯಕ ದೊಡ್ಡವನಾಗುತ್ತಾನೆ, ಆದ್ದರಿಂದ ಡ್ರ್ಯಾಗನ್ ಕೂಡ ಒಂದು ರೀತಿಯಲ್ಲಿ ವೀರನ ಸಹಕಾರಿ ಎಂಬುದು 1973ರ 'ದ ಹೀರೋ ಅಂಡ್ ದ ಬ್ಲೂಸ್' ಉಪನ್ಯಾಸಗಳ ಕೇಂದ್ರ ವಿಚಾರ. ಅಲ್ಲಿ ಮರ್ರಿ ಬೈಬಲ್ಲಿನ ಇಬ್ಬರನ್ನು ಎದುರುಬದುರು ನಿಲ್ಲಿಸುತ್ತಾರೆ. ಕಪ್ಪು ಅಮೆರಿಕನ್ನರು ಗುಲಾಮಗಿರಿಯ ಕಾಲದಿಂದಲೂ ಮೋಶೆಯನ್ನು ತಮ್ಮವನೆಂದುಕೊಂಡಿದ್ದರು. ನೂರಾರು ಮೈಲಿ ದೂರಕ್ಕೆ ಗುಲಾಮರನ್ನು ಕದ್ದು ಸಾಗಿಸಿದ ಹ್ಯಾರಿಯೆಟ್ ಟಬ್‌ಮನ್‌ಗೆ ಜನ ಕೊಟ್ಟ ಹೆಸರೂ ಮೋಶೆ. ಮರ್ರಿ ಆರಿಸಿಕೊಂಡದ್ದು ಯೋಸೇಫನನ್ನು, ಅದರಲ್ಲೂ ಥಾಮಸ್ ಮಾನ್ 1933ರಿಂದ 1943ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ ಕಾದಂಬರಿಯ ಯೋಸೇಫನನ್ನು. ಅಣ್ಣಂದಿರೇ ಹೊಂಡಕ್ಕೆ ತಳ್ಳಿ ಮಾರಿದ ಹುಡುಗ ಐಗುಪ್ತದಲ್ಲಿ ಗುಲಾಮನಾಗಿ, ಸೆರೆಯಾಳಾಗಿ, ಕೊನೆಗೆ ಆ ನಾಡಿನ ಕಣಜವನ್ನೇ ನೋಡಿಕೊಳ್ಳುವ ಅಧಿಕಾರಿಯಾಗುತ್ತಾನೆ. ಮೋಶೆ ತನ್ನ ಜನರನ್ನು ಐಗುಪ್ತ ಬಿಟ್ಟು ಹೊರಡಿಸುತ್ತಾನೆ. ಯೋಸೇಫ ಐಗುಪ್ತದ ಒಳಗೇ ಇದ್ದು ಅದಕ್ಕೆ ಅನಿವಾರ್ಯನಾಗಿ, ಅದನ್ನು ತನ್ನದಾಗಿಸಿಕೊಳ್ಳುತ್ತಾನೆ. 1970ರ ಆಸುಪಾಸಿನಲ್ಲಿ ಪ್ರತ್ಯೇಕ ಕಪ್ಪು ರಾಷ್ಟ್ರದ, ಆಫ್ರಿಕಕ್ಕೆ ಮರಳುವ ಮಾತುಗಳು ಗಟ್ಟಿಯಾಗಿ ಕೇಳುತ್ತಿದ್ದಾಗ ಈ ಆಯ್ಕೆ ಯಾರಿಗೆ ಕೊಟ್ಟ ಉತ್ತರವೆಂದು ಓದುಗರಿಗೆ ಗೊತ್ತಾಗದಿರಲಿಲ್ಲ.

ಜನಾಂಗದ ಪ್ರಶ್ನೆಗೆ ಅವರ ನೇರ ಉತ್ತರ 1970ರ 'ದಿ ಓಮ್ನಿ-ಅಮೆರಿಕನ್ಸ್'ನಲ್ಲಿದೆ. ಕಾನೂನು ಏನೇ ಹೇಳಲಿ, ಅಮೆರಿಕದ ಸಂಸ್ಕೃತಿ ಬೆರಕೆಯದು. ಅಲ್ಲಿನ ಬಿಳಿಯರೂ ಕರಿಯರೂ ಜಗತ್ತಿನ ಬೇರೆ ಯಾರಿಗಿಂತಲೂ ಹೆಚ್ಚಾಗಿ ಒಬ್ಬರನ್ನೊಬ್ಬರು ಹೋಲುತ್ತಾರೆ ಎಂಬುದು ಅದರ ಘೋಷಣೆ. ಇಲ್ಲಿ ಅವರಿಗೆ ಒದಗಿದ್ದು ಕಾನ್‌ಸ್ಟನ್ಸ್ ರೂರ್ಕ್ 1931ರಲ್ಲಿ ಅಮೆರಿಕದ ಹಾಸ್ಯದ ಬಗ್ಗೆ ಬರೆದ ಅಧ್ಯಯನ. ಜಾಣ ವ್ಯಾಪಾರಿ ಯಾಂಕಿ, ಗಡಿನಾಡಿನ ಕಾಡುಮನುಷ್ಯ, ನೀಗ್ರೋ ಎಂಬ ಮೂರು ಪಾತ್ರಗಳಿಂದ ಅಮೆರಿಕನ್ ಸ್ವಭಾವ ರೂಪುಗೊಂಡಿತೆಂದು ರೂರ್ಕ್ ಹೇಳಿದ್ದರು. ಮರ್ರಿ ಅದಕ್ಕೆ ಮೂಲನಿವಾಸಿಯನ್ನೂ ಸೇರಿಸಿ, ಪ್ರತಿಯೊಬ್ಬ ಅಮೆರಿಕನ್ನನೊಳಗೂ ಇವರೆಲ್ಲ ಇದ್ದಾರೆ ಎಂದರು. ರಕ್ತದ ಲೆಕ್ಕ ಎಷ್ಟು ಹುಚ್ಚಿನದೆಂಬುದಕ್ಕೆ ನ್ಯಾಯಾಲಯದ ಕಡತವೇ ಇದೆ. ಜಾಝ್ ಹುಟ್ಟಿದ ನ್ಯೂ ಆರ್ಲಿಯನ್ಸ್‌ನಲ್ಲಿ 1892ರಲ್ಲಿ ಬಿಳಿಯರ ರೈಲುಡಬ್ಬಿಯಲ್ಲಿ ಕೂತು ಬಂಧನಕ್ಕೊಳಗಾದ ಹೋಮರ್ ಪ್ಲೆಸ್ಸಿಯ ಹಿರಿಯರಲ್ಲಿ ಎಂಟರಲ್ಲಿ ಏಳು ಪಾಲು ಬಿಳಿಯರು. ಉಳಿದ ಒಂದು ಪಾಲನ್ನು ಹಿಡಿದು 1896ರಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟು, ಪ್ರತ್ಯೇಕವಾದರೂ ಸಮಾನ ಎಂಬ ತತ್ವವನ್ನು ಅರ್ಧ ಶತಮಾನದ ಮಟ್ಟಿಗೆ ಭದ್ರ ಮಾಡಿತು. ಅದೇ ವರ್ಷಗಳಲ್ಲಿ ಅದೇ ಊರಿನಲ್ಲಿ ಫ್ರೆಂಚ್ ಕ್ವಾಡ್ರಿಲ್, ಸೇನೆಯ ಬ್ಯಾಂಡು, ಕ್ಯೂಬಾದ ಲಯ, ಇಗರ್ಜಿಯ ಹಾಡು, ಹೊಲದ ಕೂಗು ಎಲ್ಲ ಕಲೆತು ಹೊಸ ಸಂಗೀತವೊಂದು ಹದಕ್ಕೆ ಬರುತ್ತಿತ್ತು.

ಪುಸ್ತಕದ ಕಟುವಾದ ಪುಟಗಳು ಸಮಾಜವಿಜ್ಞಾನದ ಮೇಲಿನವು. 1965ರಲ್ಲಿ ಕಾರ್ಮಿಕ ಇಲಾಖೆಯ ಅಧಿಕಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ನೀಗ್ರೋ ಕುಟುಂಬದ ಬಗ್ಗೆ ಸಿದ್ಧಪಡಿಸಿದ ವರದಿ ಕಪ್ಪು ಕುಟುಂಬವನ್ನು ರೋಗಗಳ ಸಿಕ್ಕು ಎಂಬಂತೆ ಚಿತ್ರಿಸಿತ್ತು. ವರದಿಯ ಉದ್ದೇಶ ಸರ್ಕಾರದ ನೆರವು ತರುವುದು. ಮರ್ರಿಗೆ ಉದ್ದೇಶ ಬೇಕಾಗಿರಲಿಲ್ಲ. ಬಿಳಿಯರ ಶ್ರೇಷ್ಠತೆಯ ಕಟ್ಟುಕಥೆಗೆ ಕರಿಯರ ರೋಗದ ಕಟ್ಟುಕಥೆ ಅವಳಿ ಎಂಬುದು ಅವರ ಆರೋಪ. ಕೆಡುಕು ಬಯಸುವವನು ಮೊದಲನೆಯದನ್ನು ಹರಡಿದರೆ, ಒಳಿತು ಬಯಸುವವನು ಎರಡನೆಯದನ್ನು ಹರಡುತ್ತಾನೆ. ಇಬ್ಬರ ಕಣ್ಣಿಗೂ ಎದುರಿರುವ ಮನುಷ್ಯ ಮಾತ್ರ ಬೀಳುವುದಿಲ್ಲ. ಡ್ಯೂಕ್ ಎಲಿಂಗ್ಟನ್ ಮತ್ತು ಕೌಂಟ್ ಬೇಸಿಯ ಸಂಗೀತವನ್ನು ಕೊಟ್ಟ ಜನರನ್ನು ಅಂಕಿಪಟ್ಟಿಯಲ್ಲಿ ರೋಗಿಗಳೆಂದು ನಮೂದಿಸುವ ವಿಜ್ಞಾನ ಯಾವುದನ್ನು ಅಳೆಯುತ್ತಿದೆ ಎಂದು ಅವರು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಆದರೆ ಅದರ ಹುರುಪಿನಲ್ಲಿ ಬಾಡಿಗೆ, ಕೂಲಿ, ಪೊಲೀಸರ ಲಾಠಿ ಇವುಗಳನ್ನು ಎಣಿಸಲೇಬೇಕಾದ ಕೆಲಸ ಯಾರದ್ದೆಂಬುದಕ್ಕೆ ಮರ್ರಿ ಸಮಾಧಾನಕರವಾದ ಉತ್ತರ ಕೊಡಲಿಲ್ಲ. 1970ರ ಏಪ್ರಿಲ್‌ನಲ್ಲಿ ಎಲಿಸನ್ 'ಟೈಮ್' ಪತ್ರಿಕೆಯಲ್ಲಿ ಕರಿಯರಿಲ್ಲದ ಅಮೆರಿಕ ಹೇಗಿರುತ್ತಿತ್ತು ಎಂಬ ಲೇಖನ ಬರೆದು ಇದೇ ವಾದವನ್ನು ಇನ್ನಷ್ಟು ತಣ್ಣಗೆ, ಇನ್ನಷ್ಟು ಪರಿಣಾಮಕಾರಿಯಾಗಿ ಮಂಡಿಸಿದರು.

ಎದುರುಪಕ್ಷದ ಮುಖ್ಯ ಗ್ರಂಥ ಲೆರಾಯ್ ಜೋನ್ಸ್, ಅಂದರೆ ಮುಂದೆ ಅಮಿರಿ ಬರಾಕ ಎಂದು ಹೆಸರು ಬದಲಿಸಿಕೊಂಡ ಕವಿ (1934–2014), 1963ರಲ್ಲಿ ಬರೆದ 'ಬ್ಲೂಸ್ ಪೀಪಲ್'. ಆಫ್ರಿಕದಿಂದ ತಂದ ಗುಲಾಮ ಅಮೆರಿಕನ್ ಪ್ರಜೆಯಾಗುತ್ತ ಹೋದ ಪ್ರತಿ ಹಂತವೂ ಅವನ ಸಂಗೀತದಲ್ಲಿ ದಾಖಲಾಗಿದೆ, ಸಂಗೀತ ಬದಲಾದಾಗಲೆಲ್ಲ ಜನರ ಸ್ಥಾನಮಾನ ಬದಲಾಗಿತ್ತೆಂದು ಅರ್ಥ ಎಂಬುದು ಅದರ ಪ್ರಮೇಯ. ಕಪ್ಪು ಮಧ್ಯಮವರ್ಗ ಬಿಳಿಯರ ಸಂಸ್ಕೃತಿಯತ್ತ ಸರಿದಂತೆ ಸಂಗೀತದ ಸತ್ವ ಸೋರಿಹೋಗುತ್ತದೆ, ಬ್ಲೂಸ್‌ಗೆ ಮರಳಿದಾಗ ತುಂಬಿಕೊಳ್ಳುತ್ತದೆ. ಎಲಿಸನ್ ಈ ಪುಸ್ತಕವನ್ನು ಕಟುವಾಗಿ ವಿಮರ್ಶಿಸಿದರು: ಸಂಗೀತವನ್ನು ಸಮಾಜಶಾಸ್ತ್ರದ ಸಾಕ್ಷಿಯಾಗಿಸಿದರೆ ಅದು ವಿಧಿಯೂ ಕಲೆಯೂ ಆಗಿರುವುದು ಕೈತಪ್ಪುತ್ತದೆ ಎಂಬುದು ಅವರ ಆಕ್ಷೇಪ. ಮರ್ರಿ ಅದೇ ಎಳೆಯನ್ನು ಹಿಡಿದು ಪುಸ್ತಕವಾಗಿಸಿದರು ಎನ್ನಬಹುದು. ಬರಾಕರಿಗೆ ಜಾಝ್ ಕಪ್ಪು ರಾಷ್ಟ್ರದ ದನಿ, ಮರ್ರಿಗೆ ಅದು ಅಮೆರಿಕದ ಅತ್ಯಂತ ಪರಿಷ್ಕೃತ ದನಿ, ಅದನ್ನು ರೂಪಿಸಿದವರು ಕಪ್ಪು ಜನ. ಈ ಕೊನೆಯ ಮಾತಿನಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಮರ್ರಿಯವರ ಸಿದ್ಧಾಂತ ಎಲ್ಲಿಯವರೆಗೆ ಎಳೆದರೆ ಬರುತ್ತದೆಂಬುದನ್ನು ಸಾವಿನ ಸಂಗೀತದಲ್ಲಿ ಪರೀಕ್ಷಿಸಬಹುದು. ನ್ಯೂ ಆರ್ಲಿಯನ್ಸ್‌ನ ಶವಯಾತ್ರೆ ಅದಕ್ಕೆ ಸಲೀಸಾಗಿ ಒಗ್ಗುತ್ತದೆ. ಸ್ಮಶಾನದವರೆಗೆ ಬ್ಯಾಂಡು ನಿಧಾನವಾಗಿ ಶೋಕದ ಹಾಡು ನುಡಿಸುತ್ತದೆ. ದೇಹವನ್ನು ಬೀಳ್ಕೊಟ್ಟ ಮೇಲೆ ಡ್ರಮ್ಮಿನ ಬಿಗಿ ಬದಲಾಗಿ, ಲಯ ಏರಿ, ಹಿಂದೆ ಬರುವ ಜನ ಛತ್ರಿ ತಿರುಗಿಸುತ್ತ ಕುಣಿಯುತ್ತಾರೆ. ಒಗ್ಗದಿರುವುದು ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1963ರ ನವೆಂಬರ್‌ನಲ್ಲಿ ಧ್ವನಿಮುದ್ರಿಸಿದ 'ಅಲಬಾಮಾ'. ಅದಕ್ಕೆ ಎರಡು ತಿಂಗಳ ಹಿಂದೆ, ಸೆಪ್ಟೆಂಬರ್ 15ರ ಭಾನುವಾರ, ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನ ಬ್ಯಾಪ್ಟಿಸ್ಟ್ ಇಗರ್ಜಿಯಲ್ಲಿ ಬಿಳಿಯ ಭಯೋತ್ಪಾದಕರು ಇಟ್ಟ ಬಾಂಬಿಗೆ ನಾಲ್ವರು ಬಾಲಕಿಯರು ಬಲಿಯಾಗಿದ್ದರು. ಪಿಯಾನೋದ ತಳಮಟ್ಟದ ಗುಡುಗಿನ ಮೇಲೆ ಸ್ಯಾಕ್ಸೊಫೋನ್ ತಾಳವಿಲ್ಲದೆ, ಓದಿದಂತೆ, ಒಂದೊಂದೇ ಸ್ವರವಾಕ್ಯವನ್ನು ಇಡುತ್ತದೆ. ನಡುವೆ ತಾಳ ಹಿಡಿದು ಸ್ವಿಂಗ್ ಶುರುವಾಗುತ್ತದೆ, ಕಾಲು ಇನ್ನೇನು ಆಡಬೇಕು ಎನ್ನುವಷ್ಟರಲ್ಲಿ ನಿಂತುಬಿಡುತ್ತದೆ. ಮತ್ತೆ ಅದೇ ಮೊದಲಿನ ಶೋಕ, ಎಲ್ವಿನ್ ಜೋನ್ಸ್ ಅವರ ಡ್ರಮ್ಮಿನ ಉಬ್ಬರ, ಮುಕ್ತಾಯ. ಇದೂ ವಿಧಿಯೇ, ಆದರೆ ಇದರಲ್ಲಿ ದೆವ್ವವನ್ನು ಓಡಿಸುವ ಪ್ರಯತ್ನವಿಲ್ಲ. ಓಡಿಸಬಾರದೆಂಬ ಹಟವಿದೆ. ಮರ್ರಿಯವರ ಪುಸ್ತಕದ ಎದೆಬಡಿತ ಆರ್ಮ್‌ಸ್ಟ್ರಾಂಗ್, ಎಲಿಂಗ್ಟನ್, ಬೇಸಿಯವರ ಕುಣಿಸುವ ಬ್ಯಾಂಡುಗಳದ್ದು. ಇಂಥ ಸಂಗೀತಕ್ಕೆ ಅದರಲ್ಲಿ ಜಾಗ ಹುಡುಕುವುದು ಕಷ್ಟ. ಕೋನ್ ಅವರ ಚೌಕಟ್ಟಿನಲ್ಲಿ ಅದು ತಕ್ಷಣ ಕೂರುತ್ತದೆ.

ಮರ್ರಿಯವರ ವಿಚಾರವನ್ನು ಪತ್ರಿಕೆಗಳ ಜಗಳದ ಅಂಗಳಕ್ಕೆ ಒಯ್ದವರು ಸ್ಟ್ಯಾನ್ಲಿ ಕ್ರೌಚ್ (1945–2020). ಲಾಸ್ ಏಂಜಲೀಸ್‌ನ ಈ ಡ್ರಮ್ಮರ್, 1965ರ ವಾಟ್ಸ್ ಗಲಭೆಯನ್ನು ಕಣ್ಣಾರೆ ಕಂಡವರು, ಮೊದಲು ಬರಾಕರ ಹಾದಿಯಲ್ಲಿದ್ದರು. ನ್ಯೂಯಾರ್ಕಿಗೆ ಬಂದ ಮೇಲೆ ಎಲಿಸನ್ ಮತ್ತು ಮರ್ರಿಯವರ ಕಡೆ ತಿರುಗಿ, ಹಳೆಯ ಜೊತೆಗಾರರನ್ನು ಸಾರಾಸಗಟಾಗಿ ಝಾಡಿಸುವ ಪ್ರಬಂಧಗಳಿಂದ ಹೆಸರಾದರು. ಅವರ ಸ್ವಂತ ಕೊಡುಗೆ ಸಂವಿಧಾನ ಮತ್ತು ಜಾಝ್‌ನ ನಡುವೆ ಹಾಕಿದ ಸಂಬಂಧ. ಮನುಷ್ಯ ತಪ್ಪು ಮಾಡುವವನು, ಅಧಿಕಾರ ಸಿಕ್ಕರೆ ಕೆಡುವವನು ಎಂಬ ತಿಳಿವಳಿಕೆಯ ಮೇಲೆ ಅಮೆರಿಕದ ಸಂವಿಧಾನ ನಿಂತಿದೆ. ಅದಕ್ಕೇ ಅದರಲ್ಲಿ ತಿದ್ದುಪಡಿಗೆ ದಾರಿ ಇದೆ. ಬ್ಲೂಸ್‌ಗೂ ಮನುಷ್ಯನ ಬಗ್ಗೆ ಅಂಥ ಭ್ರಮೆಗಳಿಲ್ಲ. ಜಾಝ್ ವಾದಕ ಕೊಟ್ಟ ರಾಗವನ್ನು ಆ ಕ್ಷಣದಲ್ಲಿ ತಿದ್ದುತ್ತ ಹೋಗುತ್ತಾನೆ, ಉಳಿದವರ ಹಕ್ಕನ್ನು ಕಸಿಯದೆ. ಹೋಲಿಕೆ ಚೆನ್ನಾಗಿದೆ, ಸ್ವಲ್ಪ ಅತಿಯಾಗಿಯೇ ಚೆನ್ನಾಗಿದೆ. ಕ್ವಾರ್ಟೆಟ್‌ನಲ್ಲಿ ನಾಲ್ವರೂ ಬಾಗಿಲಿನಿಂದ ಒಳಗೆ ಬಂದವರೇ. ಸಂವಿಧಾನ ಬರೆದಾಗ ಗುಲಾಮರು ಬಾಗಿಲ ಹೊರಗಿದ್ದರು, ಅವರನ್ನು ಒಳಗೆ ತಂದ ತಿದ್ದುಪಡಿಗಳಿಗೆ ಒಂದು ಅಂತರ್ಯುದ್ಧವೇ ಬೇಕಾಯಿತು.

ಗುರುತು ಇರುವುದು ವಿಧಿಯಲ್ಲಿ ಎಂದ ಮೇಲೆ ಆ ವಿಧಿಯನ್ನು ಕಲಿತ ಯಾರಿಗಾದರೂ ಅದು ಸಲ್ಲಬೇಕು. ಮರ್ರಿಗೆ ಇದರಲ್ಲಿ ಅಳುಕಿರಲಿಲ್ಲ. ಜಾಝ್ ಒಂದು ನುಡಿಗಟ್ಟು, ಕಿವಿಯಿಂದ ಕಲಿಯುವಂಥದ್ದು, ಹುಟ್ಟಿನಿಂದ ಬರುವಂಥದ್ದಲ್ಲ. 1937ರ ಮೇ ತಿಂಗಳಲ್ಲಿ ಬೆನ್ನಿ ಗುಡ್‌ಮನ್‌ನ ಬಿಳಿಯ ತಂಡ ಸವಾಯ್‌ಗೆ ಬಂದು ಚಿಕ್ ವೆಬ್ ತಂಡದೊಡನೆ ಪೈಪೋಟಿಗೆ ನಿಂತಾಗ ತೀರ್ಪು ಕೊಟ್ಟದ್ದು ಕುಣಿಯುವ ಜನ, ಗೆದ್ದದ್ದು ವೆಬ್. ಗುಡ್‌ಮನ್ ನುಡಿಸುತ್ತಿದ್ದ ಎಷ್ಟೋ ಸಂಯೋಜನೆಗಳನ್ನು ಬರೆದುಕೊಟ್ಟವರು ಕಪ್ಪು ಸಂಗೀತಗಾರ ಫ್ಲೆಚರ್ ಹೆಂಡರ್ಸನ್. ಹಣ ಮತ್ತು ಕೀರ್ತಿ ಯಾರ ಪಾಲಾದವು ಎಂಬ ಪ್ರಶ್ನೆ ಇಲ್ಲ ಅನ್ನುವಂತಿಲ್ಲ. ಅದೇ ಪ್ರಶ್ನೆ 2003ರಲ್ಲಿ ಕ್ರೌಚ್‌ರನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ಬಿಳಿಯ ವಿಮರ್ಶಕರು ಬಿಳಿಯ ವಾದಕರನ್ನು ಬೇಕೆಂದೇ ಎತ್ತಿ ಕೂರಿಸುತ್ತಿದ್ದಾರೆ ಎಂದು 'ಜಾಝ್‌ಟೈಮ್ಸ್' ಪತ್ರಿಕೆಯಲ್ಲಿ ಅವರು ಬರೆದ ಅಂಕಣ ದೊಡ್ಡ ರಾದ್ಧಾಂತವಾಗಿ, ಅಂಕಣವೇ ನಿಂತುಹೋಯಿತು. ಜೀವಮಾನವಿಡೀ ಜನಾಂಗದ ಲೆಕ್ಕಾಚಾರವನ್ನು ಲೇವಡಿ ಮಾಡಿದವರು ಕೊನೆಗೆ ಅದೇ ಲೆಕ್ಕದ ಪುಸ್ತಕ ತೆರೆದರಲ್ಲ ಎಂದು ವಿರೋಧಿಗಳು ನಕ್ಕರು. ಆದರೆ ಅವರ ದೂರು ಹುರುಳಿಲ್ಲದ್ದಾಗಿರಲಿಲ್ಲ. ಸಂಸ್ಕೃತಿ ಬೆರಕೆಯದು ಎಂಬುದು ನಿಜ, ಮಾರುಕಟ್ಟೆ ಹಾಗಲ್ಲ ಎಂಬುದೂ ನಿಜ. ಮರ್ರಿ ಪರಂಪರೆ ಮೊದಲನೆಯದಕ್ಕೆ ಕೊಟ್ಟ ಗಮನವನ್ನು ಎರಡನೆಯದಕ್ಕೆ ಕೊಟ್ಟಿರಲಿಲ್ಲ.

ಈ ಪರಂಪರೆಗೆ ಕಟ್ಟಡದ ರೂಪ ಬಂದದ್ದು ಲಿಂಕನ್ ಸೆಂಟರ್‌ನಲ್ಲಿ. ನ್ಯೂ ಆರ್ಲಿಯನ್ಸ್‌ನ ತುತ್ತೂರಿ ವಾದಕ ವಿಂಟನ್ ಮಾರ್ಸಾಲಿಸ್‌ರ ಜೊತೆ ಮರ್ರಿ ಮತ್ತು ಕ್ರೌಚ್ ಸೇರಿ 1987ರಲ್ಲಿ ಅಲ್ಲಿ ಜಾಝ್ ಕಛೇರಿಗಳ ಸರಣಿಗೆ ಅಡಿಪಾಯ ಹಾಕಿದರು. 1996ರಲ್ಲಿ ಅದು ಆಪೆರಾ, ಬ್ಯಾಲೆ, ಸಿಂಫನಿಗಳಿಗೆ ಸಮನಾದ ಅಂಗಸಂಸ್ಥೆಯಾಯಿತು. 2004ರಲ್ಲಿ ಕೊಲಂಬಸ್ ಸರ್ಕಲ್‌ನಲ್ಲಿ ಅದರದ್ದೇ ಸಭಾಂಗಣಗಳು ತೆರೆದವು. ಗುಲಾಮಗಿರಿಯನ್ನು ವಸ್ತುವಾಗಿಸಿಕೊಂಡ ಮಾರ್ಸಾಲಿಸ್‌ರ 'ಬ್ಲಡ್ ಆನ್ ದ ಫೀಲ್ಡ್ಸ್' 1997ರಲ್ಲಿ ಪುಲಿಟ್ಜರ್ ಪಡೆದ ಮೊದಲ ಜಾಝ್ ಕೃತಿಯಾಯಿತು. 2001ರಲ್ಲಿ ಕೆನ್ ಬರ್ನ್ಸ್ ತಯಾರಿಸಿದ ಹತ್ತು ಕಂತುಗಳ ಸಾಕ್ಷ್ಯಚಿತ್ರದಲ್ಲಿ ಈ ಮೂವರೂ ಕಾಣಿಸಿಕೊಂಡು ತಮ್ಮ ನಿಲುವನ್ನು ಮನೆಮನೆಗೆ ಮುಟ್ಟಿಸಿದರು. 1960ರಿಂದ ಈಚಿನ ನಾಲ್ಕು ದಶಕಗಳನ್ನು ಕೊನೆಯ ಒಂದೇ ಕಂತಿಗೆ ತುರುಕಿದ್ದಾರೆಂಬ ಆಕ್ಷೇಪ ಕೂಡಲೇ ಬಂತು, ಅದಕ್ಕೆ ಸಮರ್ಥ ಉತ್ತರ ಸಿಗಲಿಲ್ಲ.

ಗೌರವದ ಜೊತೆಗೆ ಕುರ್ಚಿಗಳೂ ಬಂದವು. ಕುಣಿಯುವವರ ಪಾದಕ್ಕೂ ವಾದಕರ ತುಟಿಗೂ ನಡುವೆ ಹರಿದಾಡುವ ಸೂಚನೆಗಳಿಂದ ನಡೆಯುತ್ತಿದ್ದ ವಿಧಿಯನ್ನು ಈಗ ಟಿಕೆಟ್ ಕೊಂಡ ಪ್ರೇಕ್ಷಕರು ಸಾಲಾಗಿ ಕೂತು ಕೇಳುತ್ತಾರೆ. ಅವರ ಹಿಂದಿನವರು ಮೊಜಾರ್ಟ್ ಕೇಳಿದ್ದೂ ಹೀಗೆಯೇ. ಮರ್ರಿ ಇದನ್ನು ನಷ್ಟವೆಂದು ಕಾಣಲಿಲ್ಲ. ಕುಣಿತಕ್ಕೆಂದು ಹುಟ್ಟಿದ ಸಂಗೀತ ಎಲಿಂಗ್ಟನ್‌ರ ಕೈಯಲ್ಲಿ ಆಗಲೇ ಕಛೇರಿಯ ಸಂಗೀತವೂ ಆಗಿತ್ತು, ಲಲಿತಕಲೆಯಾಗುವುದು ಜನಪದದ ಸಹಜ ಬೆಳವಣಿಗೆ ಎಂಬುದು ಅವರ ಎಣಿಕೆ. ಆದರೆ ಅವರದೇ ವ್ಯಾಖ್ಯಾನವನ್ನು ಒಪ್ಪಿದರೆ ಕುಣಿಯದ ಗುಡಿ ಅರ್ಧ ಗುಡಿ. ಬೇಸಿಗೆಯಲ್ಲಿ ಲಿಂಕನ್ ಸೆಂಟರ್‌ನ ಬಯಲಿನಲ್ಲಿ ಮರದ ಹಾಸು ಹಾಕಿ ಸ್ವಿಂಗ್ ಬ್ಯಾಂಡುಗಳನ್ನು ಕರೆಸುವ ವಾಡಿಕೆ ಹಲವು ವರ್ಷ ನಡೆಯಿತು. ಬಣ್ಣ, ವಯಸ್ಸು, ಪರಿಚಯ ಯಾವುದನ್ನೂ ನೋಡದೆ ಅಲ್ಲಿ ಜೋಡಿಗಳು ಲಿಂಡಿ ಹಾಪ್ ಕುಣಿಯುತ್ತಿದ್ದವು, ಬಹುತೇಕರು ಆ ಹೆಜ್ಜೆಗಳನ್ನು ತರಗತಿಯಲ್ಲಿ ಕಲಿತವರು. ಸವಾಯ್‌ನ ಜನ ಅದನ್ನು ಕಲಿತದ್ದು ನೆಲದ ಮೇಲೆ, ಪಕ್ಕದವರನ್ನು ನೋಡಿ.